ಮೂಗಿನ ಹಳದಿ ಮಾಸಿದ ಇಂಜಿನ್‌ಗಳು

ಗೂಡ್ಸ್ ರೈಲಿನ ಇಂಜಿನ್‌ಗಳ ಮೈಬಣ್ಣಕ್ಕೆ ಹೊಣೆಗಾರರಾದವರೇ, ನೀವು ನಿಮ್ಮ ಕೆಲಸ ಮಾಡಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಬಾಲ್ಯದ ನೆನಪು ಎಂದ ಕೂಡಲೇ ಮಜ್ಜಿಗೆ, ಮಾವಿನಕಾಯಿ ಎಂದು ಭಾವಿಸಿ ನೀವು ಪುಟ ಮಗುಚಿಬಿಡುವ ಅಪಾಯವಿದೆ. ಇಂಜಿನ್ನಿನ ಮೂಗಿನ ಮೇಲೆ ಓರೆಯಾಗಿ ಎಳೆದ ಹಳದಿ ಪಟ್ಟೆಗಳನ್ನು ಬಳಿಯುವುದು ದೂರದಿಂದ ಕಾಣಲೆಂದು; ಅದು ನಮಗಿಂತ ಮೊದಲು ನಿಮಗೆ ಗೊತ್ತಿತ್ತು. ಪ್ರಯಾಣಿಕರ ರೈಲುಗಳ ಇಂಜಿನ್‌ಗಳಿಗೆ ಹೊಸ ಬಣ್ಣ ಹಚ್ಚಿದಿರಿ, ಹೂಮಾಲೆ ಹಾಕಿ ಫೋಟೊ ತೆಗೆಸಿಕೊಂಡಿರಿ. ಕಲ್ಲಿದ್ದಲು, ಗೊಬ್ಬರ, ಅದಿರು ಎಳೆಯುವ ಇಂಜಿನ್‌ಗಳನ್ನು ಮಾತ್ರ ಬಿಸಿಲಿಗೂ ಮಳೆಗೂ ಬಿಟ್ಟಿರಿ. ಅವುಗಳ ಹಳದಿ ಮೊದಲು ಬೆಳ್ಳಗಾಯಿತು, ಆಮೇಲೆ ಹಕ್ಕಳೆಯೆದ್ದು ಉದುರಿತು, ಉದುರಿದಲ್ಲಿ ತುಕ್ಕು ಕುಳಿತಿತು. ಸರಕು ಹೊರುವ ಯಂತ್ರಕ್ಕೆ ಚೆಂದವೇಕೆ ಎಂದು ನಿಮ್ಮ ಯಾವುದೋ ಮೇಜಿನ ಹಿಂದೆ ಯಾರೋ ಯೋಚಿಸಿರಬೇಕು. ನಮ್ಮ ಮನೆಯಲ್ಲಿ ಆ ಹಳದಿ ಚೆಂದದ ವಿಷಯವಾಗಿರಲಿಲ್ಲ. ನನ್ನ ತಾಯಿ ದಿನವೂ ಆ ಹಳಿಯನ್ನು ದಾಟುತ್ತಿದ್ದಳು, ಮತ್ತು ನನ್ನ ತಾಯಿಗೆ ಕಿವಿ ಕೇಳಿಸುವುದಿಲ್ಲ.

ಕಡಬದ ಕಡೆಯ ಸವಣೂರಿನಿಂದ ಸ್ವಲ್ಪ ಒಳಗೆ, ರೈಲುಹಳಿಯ ಮೇಲ್ಬದಿಯಲ್ಲಿ ನಮ್ಮ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಇವೆರಡಕ್ಕಿಂತಲೂ ದೊಡ್ಡದಾದ ಒಂದು ಜಗಲಿ. ಅಪ್ಪನಿಗೆ ಸವಣೂರು ಪೇಟೆಯಲ್ಲಿ ಟೈಲರ್ ಅಂಗಡಿ. ಅಂಗಿಗಳಿಗೆ ಕಾಜಾ ಹೊಲಿಯುವ, ಗುಂಡಿ ಹಚ್ಚುವ ಕೆಲಸವೆಲ್ಲ ಅಮ್ಮನದು. ಅಪ್ಪನ ತಂಗಿ ಲೀಲತ್ತೆ ಮದುವೆಯಾಗದೆ ನಮ್ಮೊಂದಿಗೇ ಇದ್ದಳು. ಅಡುಗೆ ಮತ್ತು ಅಭಿಪ್ರಾಯ ಎರಡೂ ಅವಳ ಪಾಲು. ನಾನು ಒಬ್ಬಳೇ ಮಗಳು. ಮನೆಯಿಂದ ಇಳಿದು ಹಳಿ ದಾಟಿದರೆ ರಸ್ತೆ, ರಸ್ತೆ ಹಿಡಿದರೆ ಅಂಗಡಿ. ದಾಟುವಲ್ಲಿ ‘ಹಳಿ ದಾಟುವುದು ಅಪರಾಧ’ ಎಂಬ ಫಲಕವೂ, ಅದರ ಬುಡದಲ್ಲೇ ದಾಟುವವರ ಅನುಕೂಲಕ್ಕಾಗಿ ಕಟ್ಟಿದ ಕಲ್ಲಿನ ಮೆಟ್ಟಿಲುಗಳೂ ಇದ್ದವು. ಮುಗಿದ ಅಂಗಿಗಳ ಗಂಟನ್ನು ಹೊತ್ತು ಅಮ್ಮ ಬೆಳಿಗ್ಗೆ ಆ ಮೆಟ್ಟಿಲಿಳಿದು ಹೋಗುವಳು, ಹೊಸ ಗಂಟಿನೊಂದಿಗೆ ಮಧ್ಯಾಹ್ನಕ್ಕೆ ಮರಳುವಳು. ಅಂಗಡಿಯಲ್ಲಿ ಅಪ್ಪನೊಂದಿಗೆ ಚಾ ಕುಡಿದು, ಪೇಟೆಯ ಮುಖಗಳನ್ನೆಲ್ಲ ಓದಿಕೊಂಡು ಬರುವ ಆ ಹೊತ್ತು ಅವಳ ದಿನದ ಅತ್ಯುತ್ತಮ ಭಾಗವಾಗಿತ್ತು.

ಅಮ್ಮ ಹುಟ್ಟಿನಿಂದ ಕಿವುಡಿಯಲ್ಲ. ಹುಡುಗಿಯಾಗಿದ್ದಾಗ ಬಂದ ಜ್ವರವೊಂದು ಶ್ರವಣವನ್ನು ಒಯ್ದಿತ್ತು, ಮಾತನ್ನು ಉಳಿಸಿತ್ತು. ಆದ್ದರಿಂದ ನಮ್ಮ ಮನೆಯಲ್ಲಿ ಮಾತಿಗೆ ಬೆಳಕು ಬೇಕಿತ್ತು. ಹೇಳುವುದಿದ್ದವರು ಅವಳೆದುರು ಬಂದು, ದೀಪ ತಮ್ಮ ಮುಖದ ಮೇಲೆ ಬೀಳುವಂತೆ ನಿಂತು ಹೇಳಬೇಕು. ಕತ್ತಲಲ್ಲಿ ಗೊಣಗುವುದು, ಬೆನ್ನು ತಿರುಗಿಸಿ ಚುಚ್ಚುವುದು, ಒಳಕೋಣೆಯಿಂದ ಕೂಗುವುದು ಯಾವುದೂ ನಮ್ಮಲ್ಲಿ ನಡೆಯುತ್ತಿರಲಿಲ್ಲ. ಊಟದ ಹೊತ್ತು ಮೌನ. ಕಣ್ಣು ಬಟ್ಟಲಿನಲ್ಲಿದ್ದಾಗ ಅಮ್ಮನಿಗೆ ತುಟಿ ಕಾಣುವುದಿಲ್ಲವಾದ್ದರಿಂದ ಅವಳನ್ನು ಬಿಟ್ಟು ಉಳಿದವರು ಮಾತಾಡುವುದು ಅಸಭ್ಯತೆ ಎಂದು ಅಪ್ಪನ ಕಟ್ಟಳೆ. ಕುಚ್ಚಲಕ್ಕಿ ಗಂಜಿ, ಹುರಿದ ಒಣಮೀನು, ಮಿಡಿ ಉಪ್ಪಿನಕಾಯಿ; ಎಲ್ಲರೂ ಉಂಡು ಕೈತೊಳೆದು ಜಗಲಿಯ ಬಲ್ಬಿನ ಕೆಳಗೆ ಕುಳಿತ ಮೇಲೆ ತಡೆದಿಟ್ಟ ಮಾತೆಲ್ಲ ಒಮ್ಮೆಲೇ ಹೊರಬರುತ್ತಿತ್ತು. ಅಮ್ಮ ಮತ್ತು ಅತ್ತೆಯ ಜಗಳಗಳು ನೋಡುವಂತಿದ್ದವು. ಅತ್ತೆ ಅವಳ ಎದುರೆದುರು ಓಡಾಡಿಕೊಂಡು ವಾದಿಸಬೇಕು. ಸೋಲು ಹತ್ತಿರವಾಯಿತೆಂದು ಕಂಡ ಕ್ಷಣ ಅಮ್ಮ ಕಣ್ಣು ಮುಚ್ಚಿಬಿಡುವಳು.

“ಕಣ್ಣು ತೆರಿ ಅತ್ತಿಗೆ! ಇದು ಮೋಸ. ನಾನಿನ್ನೂ ಮುಗಿಸ್ಲಿಲ್ಲ!” ಎಂದು ಅತ್ತೆ ಅವಳ ಭುಜ ಅಲುಗಿಸುವಳು.

“ನನ್ನ ಅಂಗಡಿ ಬಂದ್,” ಎಂದು ಅಮ್ಮ ಕಣ್ಣು ಮುಚ್ಚಿಕೊಂಡೇ ನಗುವಳು. “ನಾಳೆ ಬಾ ಮಾರಾಯ್ತಿ.”

ಮುಂದೆ ವಿಶ್ವವಿದ್ಯಾನಿಲಯದ ಹಾಸ್ಟೆಲಿನಲ್ಲಿ ನನ್ನ ಗೆಳತಿಯರು ನನ್ನನ್ನು ಕಂಡು ನಗುತ್ತಿದ್ದರು: ಏನೇ ಹೇಳುವುದಿದ್ದರೂ ಇವಳು ಎದ್ದು ಬಂದು, ಟ್ಯೂಬ್‌ಲೈಟಿನ ಕೆಳಗೆ ನಿಂತು, ಮುಖಕ್ಕೆ ಮುಖ ಕೊಟ್ಟೇ ಹೇಳುತ್ತಾಳೆ ಎಂದು. ನನಗೆ ಬೇರೆ ರೀತಿ ಗೊತ್ತಿಲ್ಲ. ಈ ಬರಹವನ್ನೂ ಹಾಗೆಯೇ ಬರೆಯುತ್ತಿದ್ದೇನೆ.

ಜಗಲಿಯಲ್ಲಿ ಕುಳಿತು ಕಾಜಾ ಹೊಲಿಯುವಾಗ ಅಮ್ಮನಿಗೆ ನೇರವಾಗಿ ಕಾಣುವುದು ಹಳಿ. ಬಲಕ್ಕೆ ಹಳಿ ನೇರ, ಘಾಟಿ ಹತ್ತುವ ರೈಲು ದೂರದಿಂದಲೇ ಕಾಣುತ್ತದೆ; ಎಡಕ್ಕೆ ಒಂದು ತಿರುವು. ತಿರುವಿನಲ್ಲಿ ಗುಡ್ಡವನ್ನು ಸೀಳಿ ಮಾಡಿದ ಮುರಕಲ್ಲಿನ ಎತ್ತರದ ಗೋಡೆ, ಮಳೆಗಾಲದಲ್ಲಿ ಹಸಿಮಾಂಸದಷ್ಟು ಕೆಂಪು. ಘಾಟಿ ಇಳಿದು ಬರುವ ಗೂಡ್ಸುಗಳು ಆ ಗೋಡೆಯ ಮುಂದಿನಿಂದಲೇ ಹೊರಬೀಳಬೇಕು. ಡೀಸೆಲ್ ಇಂಜಿನ್‌ಗಳ ಮೈ ಇಟ್ಟಿಗೆ ಕೆಂಪು, ನಡುವಿಗೆ ಕೆನೆಬಣ್ಣದ ಪಟ್ಟಿ, ಮೂಗಿಗೆ ಹಳದಿ. ಇದು ಅವು ಶೆಡ್ಡಿನಿಂದ ಹೊರಟಾಗಿನ ಮಾತು. ನಮ್ಮ ಮುಂದೆ ಹಾದುಹೋಗುವ ಹೊತ್ತಿಗೆ ಒಂದೊಂದರ ಮೈಯೂ ಒಂದೊಂದು ಚರಿತ್ರೆ. ಮಾಡಿನ ಮೇಲೆ ಮಸಿ ಗಟ್ಟಿಯಾಗಿರುತ್ತಿತ್ತು, ಗಾಳಿಕಿಂಡಿಗಳ ಕೆಳಗೆ ತುಕ್ಕಿನ ನೀರು ಹರಿದ ಗೆರೆಗಳು, ಬದಿಯಲ್ಲಿ ಬರೆದ ಸಂಖ್ಯೆಗಳ ಅರ್ಧ ಹೊಟ್ಟೆ ಮಾತ್ರ ಉಳಿದಿರುತ್ತಿತ್ತು. ಅಮ್ಮ ಅವುಗಳನ್ನು ಪ್ರೀತಿಸುತ್ತಿದ್ದಳು ಎಂದರೆ ಉತ್ಪ್ರೇಕ್ಷೆಯಲ್ಲ. ಮೈಯಿಡೀ ಬಣ್ಣ ಗುಳ್ಳೆಯೆದ್ದದ್ದು ‘ಸಿಡುಬಿನವ’. ಕೆನೆಪಟ್ಟಿಯ ಮೇಲೆ ಕಂದುಕಲೆಯಾದದ್ದು ‘ಚಾ ಚೆಲ್ಲಿದವ’. ಎಲ್ಲೋ ಒಂದು ಬಾಗಿಲನ್ನು ಬೇರೆ ಇಂಜಿನ್ನಿನಿಂದ ಕಿತ್ತು ಹಾಕಿದ್ದರಿಂದ ಮೈಯೊಂದು ಬಣ್ಣ ಬಾಗಿಲೊಂದು ಬಣ್ಣವಾದದ್ದು ‘ತೇಪೆಯವ’. ಟೈಲರನ ಹೆಂಡತಿಗೆ ಅದರ ಮೇಲೆ ವಿಶೇಷ ಮಮತೆ. ಶಾಲೆಯಿಂದ ಬಂದವಳಿಗೆ ಅವಳು ದಿನದ ವರದಿ ಒಪ್ಪಿಸುವಳು:

“ಸಿಡುಬಿನವ ಇವತ್ತು ಮೇಲೆ ಹೋದ, ಪಾಪ. ಮೂಗಿನ ಹತ್ರ ಇನ್ನೊಂದು ಸಿಪ್ಪೆ ಎದ್ದಿದೆ. ಅವನಿಗೆ ಯಾರೂ ಇಲ್ವಾ ಅಂತ ಕಾಣ್ತದೆ.”

ಈ ಮಮತೆಯ ಅಡಿಯಲ್ಲಿ ಒಂದು ಲೆಕ್ಕಾಚಾರವೂ ಇತ್ತು. ಹಳಿ ದಾಟುವ ಮೊದಲು ಅಮ್ಮ ಎಡಕ್ಕೆ ನೋಡಿ ಹಳದಿಯನ್ನು ಹುಡುಕುವಳು. ಹಳದಿ ಕಂಡರೆ ನಿಲ್ಲುವುದು, ಕಾಣದಿದ್ದರೆ ದಾಟುವುದು. ಉಳಿದವರು ಕಿವಿಯಿಂದ ಪಡೆಯುವ ಎಚ್ಚರಿಕೆಯನ್ನೆಲ್ಲ ಅವಳು ಆ ಒಂದು ಬಣ್ಣಕ್ಕೆ ಒಪ್ಪಿಸಿದ್ದಳು. ವರ್ಷದಿಂದ ವರ್ಷಕ್ಕೆ ನೀವು ಆ ಬಣ್ಣವನ್ನು ಹಿಂದಕ್ಕೆ ಪಡೆದಿರಿ.

ಅದು ಆಟಿ, ಮಳೆ ಬಿಡದೆ ಸುರಿಯುವ ತಿಂಗಳು. ಮಳೆ ಒಂದು ಗಳಿಗೆ ಬಿಟ್ಟಿತ್ತು. ಅಮ್ಮ ಗಂಟು ಹೊತ್ತು ಮೆಟ್ಟಿಲಿಳಿದಳು, ಎಡಕ್ಕೆ ನೋಡಿದಳು, ಹಳದಿ ಕಾಣಲಿಲ್ಲ, ಹೆಜ್ಜೆಯಿಟ್ಟಳು. ಅಂಗಳದಲ್ಲಿದ್ದ ನನಗೂ ಅತ್ತೆಗೂ ಹಾರ್ನು ಕೇಳಿತು. ತಿರುವಿನಲ್ಲಿ ಕೆಂಪು ಗೋಡೆಯ ಒಂದು ತುಂಡೇ ಕಳಚಿ ಮುಂದಕ್ಕೆ ಸರಿದಂತೆ ಇಂಜಿನ್ ಬರುತ್ತಿತ್ತು. ಇಳಿಜಾರಾದ್ದರಿಂದ ನೆಲದ ನಡುಕವೂ ಅವಳ ಕಾಲಿಗೆ ಮೊದಲೇ ತಿಳಿಯಲಿಲ್ಲ. ಕೂಗಿ ಪ್ರಯೋಜನವಿಲ್ಲ. ಅತ್ತೆ ಕೈಯಲ್ಲಿದ್ದ ಕೊಡೆಯನ್ನು ಈಟಿಯಂತೆ ಎಸೆದಳು. ಅದು ಅಮ್ಮನ ಬೆನ್ನಿಗೆ ಬಡಿದು ಹಳಿಯ ಬದಿಗೆ ಬಿತ್ತು. ಅಮ್ಮ ಸಿಟ್ಟಿನಿಂದ ತಿರುಗಿ, ಹಳಿಯಿಂದ ಹಿಂದಕ್ಕೆ ಬಂದು, ಮೆಟ್ಟಿಲ ಮೇಲೆ ನಿಂತು ಬೈಯತೊಡಗಿದಳು:

“ಮರ್ಲುಂಟಾ ನಿಂಗೆ? ಕೊಡೆ ಬಿಸಾಡುದಾ ನನ್ನ ಮೇಲೆ? ನಿನ್ನ ಅಣ್ಣ ಮೊನ್ನೆ ಮೊನ್ನೆ ತಂದದ್ದು, ಗೊತ್ತುಂಟಲ್ಲ!”

ಅವಳ ಹಿಂದೆ ಇಂಜಿನ್ ಹಾದುಹೋಯಿತು. ಅತ್ತೆ ಅದರತ್ತ ಬೆರಳು ತೋರಿಸಿದಳು. ಸೆರಗು ಗಾಳಿಗೆ ಹಾರಿದಾಗ ಅಮ್ಮ ತಿರುಗಿದಳು. ಕೊನೆಯ ಡಬ್ಬಿ ಹೋಗುವ ತನಕ ಅಲ್ಲಿಯೇ ನಿಂತು ನೋಡಿದಳು. ಆಮೇಲೆ ಕೊಡೆ ಎತ್ತಿಕೊಂಡು ಬಿಡಿಸಿ ಪರೀಕ್ಷಿಸಿ, “ಒಂದು ಕಡ್ಡಿ ಬಗ್ಗಿದೆ,” ಎಂದಳು. ಅತ್ತೆ ಅಂಗಳದಲ್ಲೇ ಕುಳಿತು ಅತ್ತಳು.

ಸಂಜೆ ಅಪ್ಪ ಬಲ್ಬಿನ ಕೆಳಗೆ ನಿಂತು ತೀರ್ಪು ಕೊಟ್ಟ.

“ನಾಳೆಯಿಂದ ನೀನು ದಾಟುದು ಬೇಡ. ಬಟ್ಟೆ ನಾನೇ ಕೊಂಡುಹೋಗ್ತೇನೆ, ನಾನೇ ತರ್ತೇನೆ.”

ಅಮ್ಮ ಕಣ್ಣು ಮುಚ್ಚಿದಳು. ಅಂದು ಮುಖದಲ್ಲಿ ನಗುವಿರಲಿಲ್ಲ.

“ಕಟ್ಟಿ ಹಾಕ್ಲಿಕ್ಕೆ ನಾನೆಂತ ದನವಾ?” ಎಂದಳು. “ಬಣ್ಣ ಹೋದದ್ದು ಇಂಜಿನಿದ್ದು. ಮನೆಯೊಳಗೆ ಕೂತ್ಕೊಳ್ಳುದು ನಾನಾ?”

ಈ ಪ್ರಶ್ನೆಯನ್ನು ನಾನು ಆಗ ಅರ್ಥಮಾಡಿಕೊಂಡೆನೆಂದು ಹೇಳಲಾರೆ. ಆದರೆ ನ್ಯಾಯದ ಬಗ್ಗೆ ನಾನು ಮುಂದೆ ಓದಿದ್ದೆಲ್ಲ ಆ ಪ್ರಶ್ನೆಯ ಮೇಲಿನ ವ್ಯಾಖ್ಯಾನದಂತೆ ನನಗೆ ಕಂಡಿದೆ. ಅಪ್ಪನಿಗೂ ಅದು ತಾಗಿರಬೇಕು. ಮರುದಿನ ಅವನು ಅಂಗಡಿ ತೆರೆಯಲಿಲ್ಲ. ಕೆಂಪು ನೂಲಿನ ಉಂಡೆಗಳನ್ನು ಕಿಸೆಗೆ ತುಂಬಿಕೊಂಡು ಮೊದಲು ಮುರಕಲ್ಲಿನ ಗೋಡೆಗೆ ಹಿಡಿದು ನೋಡಿದ. ಒಪ್ಪುವ ಉಂಡೆಯನ್ನು ಆರಿಸಿಕೊಂಡು ಸ್ಟೇಷನ್ನಿಗೆ ನಡೆದ. ಅಲ್ಲಿ ದಾರಿಗಾಗಿ ಕಾಯುತ್ತ ನಿಂತಿದ್ದ ಗೂಡ್ಸಿನ ಇಂಜಿನ್ನಿಗೆ ಅದೇ ಉಂಡೆಯನ್ನು ಹಿಡಿದ. ಅಲ್ಲಿದ್ದ ರೈಲ್ವೆಯವರೊಬ್ಬರೊಡನೆ ವಾದಿಸಿ, ಬೆವರೊರೆಸಿಕೊಂಡು ಹಿಂದಿರುಗಿದ.

“ಒಂದೇ ನೂಲು,” ಎಂದ. “ಈ ನೂಲಲ್ಲಿ ಗುಡ್ಡೆಗೂ ತೇಪೆ ಹಾಕ್ಬಹುದು, ಇಂಜಿನಿಗೂ ಹಾಕ್ಬಹುದು. ಹೊಲಿಗೆ ಎಲ್ಲಿ ಉಂಟು ಅಂತ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ.”

“ಅವ್ರು ಎಂತ ಹೇಳಿದ್ರು?” ಅತ್ತೆ ಕೇಳಿದಳು.

“ಬಣ್ಣ ನಮ್ಮ ಕೈಯಲ್ಲಿಲ್ಲ ಮಾರಾಯ್ರೆ, ಅದು ಶೆಡ್ಡಿನವ್ರದ್ದು. ನಿಮ್ಮ ಹೆಂಡತಿಗೆ ದಾಟ್ಬೇಡಿ ಅಂತ ಹೇಳಿ, ಅಂದ್ರು.”

ಅವನ ತುಟಿಯನ್ನೇ ನೋಡುತ್ತಿದ್ದ ಅಮ್ಮ, “ಇಂಜಿನಿಗೆ ಬಣ್ಣ ಬಳಿಯುದಕ್ಕಿಂತ ಹೆಂಡತಿಗೆ ಬುದ್ಧಿ ಹೇಳುದು ಸುಲಭ ಅಲ್ವಾ,” ಎಂದಳು. ಅಪ್ಪ ನೂಲಿನ ಉಂಡೆಯನ್ನು ಮತ್ತೊಮ್ಮೆ ಗೋಡೆಯ ಕಡೆಗೆ ಹಿಡಿದು ನೋಡಿದ. ಆಮೇಲೆ ಹೇಳಿದ:

“ನೂಲು ಬದಲಿಸ್ಲಿಕ್ಕೆ ಆಗದಿದ್ರೆ ಬಟ್ಟೆ ಬದಲಿಸುದು.”

ಇಂಜಿನ್ನನ್ನು ಮುಟ್ಟುವ ಅಧಿಕಾರ ನಮಗಿಲ್ಲ. ಅದರ ಹಿಂದಿನ ಗೋಡೆಯನ್ನು ಬೆಳ್ಳಗೆ ಮಾಡಿದರೆ ಮುಂದೆ ಬರುವ ಕೆಂಪು ತಾನಾಗಿ ಕಾಣುತ್ತದೆ. ಗೋಡೆಯ ನೆತ್ತಿ ನಮ್ಮ ಜಾಗದ ಅಂಚು. ಅಲ್ಲಿಂದಲೇ ಸುಣ್ಣ ಬಿಡಬಹುದು. ಅಡಿಕೆಗೆ ಎರಡನೆಯ ಮದ್ದು ಸಿಂಪಡಿಸುವ ಕಾಲವಾದ್ದರಿಂದ ನೆರೆಮನೆಯ ಪಂಪೂ ಡ್ರಮ್ಮೂ ಎರವಲಾಗಿ ಸಿಕ್ಕಿದವು. ಸುಣ್ಣ ಕಲಸುವ ಹೊಣೆಯನ್ನು ಅತ್ತೆ ತಾನೇ ವಹಿಸಿಕೊಂಡಳು. ನೆರೆಯವರ ಡ್ರಮ್ಮಿನಲ್ಲಿ ತಳದಲ್ಲಿ ಸ್ವಲ್ಪ ನೀರಿತ್ತು. ಅದನ್ನು ಚೆಲ್ಲುವುದೇಕೆ ಎಂದು ಅದರ ಮೇಲೆಯೇ ಸುಣ್ಣದ ನೀರು ಸುರಿದಳು.

“ಅತ್ತೆ, ನೀಲಿ ಆಗ್ತಾ ಉಂಟು,” ಎಂದೆ ನಾನು.

“ಒಣಗಿದ ಮೇಲೆ ಬೆಳ್ಳಗಾಗ್ತದೆ. ನೀನು ಸುಮ್ಮನಿರು.”

ಡ್ರಮ್ಮಿನ ತಳದಲ್ಲಿದ್ದದ್ದು ಮೈಲುತುತ್ತಿನ ನೀರು. ಅದಕ್ಕೆ ಸುಣ್ಣ ಸೇರಿದರೆ ಅಡಿಕೆಯ ಕೊಳೆರೋಗಕ್ಕೆ ಇಡೀ ತಾಲೂಕು ಸಿಂಪಡಿಸುವ ಮದ್ದೇ ಆಗುತ್ತದೆ. ಅಪ್ಪನೂ ಅತ್ತೆಯೂ ಮಧ್ಯಾಹ್ನದವರೆಗೆ ಗುಡ್ಡಕ್ಕೆ ಆ ಮದ್ದು ಬಿಟ್ಟರು. ಒಣಗಿತು, ಬೆಳ್ಳಗಾಗಲಿಲ್ಲ. ಮುರಕಲ್ಲಿನ ಗೋಡೆಯ ಮೇಲೆ ಹಾಸಿಗೆಯಗಲದ, ಆಕಾಶದ ತುಂಡಿನಂಥ ನೀಲಿ ಪಟ್ಟಿಗಳು ಒಂದರ ಪಕ್ಕ ಒಂದು ಇಳಿದು ನಿಂತವು. ಪಂಪು ಕೊಂಡೊಯ್ಯಲು ಬಂದ ನೆರೆಯವರು ಕೆಳಗೆ ಬಗ್ಗಿ ನೋಡಿದರು.

“ಎಂತ ಲೀಲಕ್ಕ, ಗುಡ್ಡೆಗೂ ಕೊಳೆರೋಗ ಬಂತಾ?”

ಅತ್ತೆಗೆ ನಾಚಿಕೆಯಿಂದ ಸಾಯುವಂತಾಯಿತು. ಅಪ್ಪ ಮಾತ್ರ ಕಣ್ಣು ಕಿರಿದುಮಾಡಿ ನೋಡುತ್ತಿದ್ದ. ಅಷ್ಟರಲ್ಲಿ ತಿರುವಿನಿಂದ ಒಂದು ಗೂಡ್ಸು ಹೊರಬಂತು: ತೇಪೆಯವ, ಮೂಗಿನ ಮೇಲೆ ಹಳದಿಯ ಚೂರೂ ಇಲ್ಲದವ. ಆ ನೀಲಿಯ ಎದುರು ಅವನ ಬೆಂದ ಕೆಂಪು, ಅವನ ತುಕ್ಕು, ಅವನ ಬಣ್ಣ ತಪ್ಪಿದ ಬಾಗಿಲು ಎಲ್ಲವೂ ಕಸೂತಿಯಂತೆ ಎದ್ದು ಕಂಡವು. ಜಗಲಿಯಿಂದ ಅಮ್ಮ ಚಪ್ಪಾಳೆ ತಟ್ಟಿದಳು.

“ಮದುಮಗನ ಹಾಗೆ ಕಾಣ್ತಾನೆ! ಲೀಲಾ, ನಿನ್ನ ಕೈಗುಣ ಮಾರಾಯ್ತಿ!”

ಮಳೆಗೆ ತೊಳೆದು ಹೋಗದಂತೆ ಅಡಿಕೆಗೊನೆಗೆ ಅಂಟಿ ಕೂರುವುದೇ ಆ ಮದ್ದಿನ ಸ್ವಭಾವ. ಬರಿಯ ಸುಣ್ಣವಾಗಿದ್ದರೆ ವಾರದಲ್ಲಿ ಹೋಗುತ್ತಿತ್ತು, ನೀಲಿ ನಿಂತಿತು. ಮುಂದಿನ ವರ್ಷದಿಂದ ಅದನ್ನೇ ಬೇಕೆಂದು ಕಲಸಿ ಬಿಡತೊಡಗಿದೆವು. ಆಟಿಯಲ್ಲಿ ಮಳೆ ಬಿಟ್ಟ ದಿನ ಗುಡ್ಡಕ್ಕೆ ಮದ್ದು ಬಿಡುವುದು ನಮ್ಮ ಮನೆಯ ಹಬ್ಬವಾಯಿತು. ಅತ್ತೆ ಅಂದು ಕೆಸುವಿನೆಲೆಯ ಪತ್ರೊಡೆ ಮಾಡುವಳು. ಅಪ್ಪ ಹಳೆಯ ಬಟ್ಟೆ ತೊಟ್ಟು ತಲೆಗೆ ಅಡಿಕೆಹಾಳೆಯ ಮುಟ್ಟಾಳೆ ಇಡುವನು. ಅಮ್ಮ ಕೆಳಗೆ ಮೆಟ್ಟಿಲ ಮೇಲೆ ನಿಂತು, ಎಲ್ಲಿ ನೀಲಿ ಸಾಲದು ಎಂದು ಕೈಸನ್ನೆ ಮಾಡುವಳು. ಆ ಒಂದು ದಿನ ನಾವೆಲ್ಲ ಅವಳ ಕೈಕೆಳಗಿನ ಕೂಲಿಗಳು. ಮರುದಿನ ಬೆಳಿಗ್ಗೆ ಅವಳು ಗಂಟು ಹೊತ್ತು, ಎಡಕ್ಕೆ ನೋಡಿ, ಯಾರನ್ನೂ ಕೇಳದೆ ಪೇಟೆಗೆ ನಡೆಯುವಳು. ನಾನು ಬೆಳೆದದ್ದು ಸುಖದ ಮನೆಯಲ್ಲಿ. ಸಿಟ್ಟಿನ ಬರಹಕ್ಕೆ ದುಃಖದ ಬಾಲ್ಯವೇ ಬೇಕೆಂದು ತಿಳಿದವರಿಗೆ ಇದನ್ನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಇದ್ದ ಸುಖವನ್ನು ಕಾಯುವುದಕ್ಕೂ ಸಿಟ್ಟು ಬೇಕಾಗುತ್ತದೆ.

ನಿಮ್ಮ ಕಣ್ಣಿಗೆ ನಮ್ಮ ಗೋಡೆ ಬಿದ್ದದ್ದು ಹಲವು ವರ್ಷಗಳ ಮೇಲೆ. ಸುಳ್ಯದ ಕಡೆಯ ಕುಶಾಲಪ್ಪಣ್ಣ ಎಂಬವರು ಹಳಿ ಪರೀಕ್ಷಿಸುವ ಗ್ಯಾಂಗಿನಲ್ಲಿದ್ದರು; ನಮ್ಮಲ್ಲಿ ನೀರು ಕೇಳಿ ಕುಡಿದು ಹೋಗುವವರು. ಅವರು ಒಂದು ದಿನ ಜಗಲಿಗೆ ಬಂದು, ಅಮ್ಮನಿಗೆ ಕಾಣುವಂತೆ ಕುಳಿತು ಹೇಳಿದರು:

“ಸಾಹೇಬ್ರು ಹಳಿ ನೋಡ್ಲಿಕ್ಕೆ ಟ್ರಾಲಿಯಲ್ಲಿ ಬಂದಿದ್ರು. ಇದೆಂತ ಗೋಡೆಯಲ್ಲಿ ಅಂತ ಕೇಳಿದ್ರು. ನಾನು ಪಾಚಿ ಅಂತ ಹೇಳಿದೆ.”

“ನೀಲಿ ಪಾಚಿಯಾ?” ಅಪ್ಪ ಬೆರಗಾದ.

“ಅವ್ರೂ ಅದನ್ನೇ ಕೇಳಿದ್ದು. ಇಲ್ಲಿಯ ಮಳೆಗೆ ಎಂತ ಬಣ್ಣದ್ದು ಬೇಕಾದ್ರೂ ಬರ್ತದೆ ಸಾರ್ ಅಂದೆ. ನಂಬ್ಲಿಲ್ಲ.”

ನಂಬಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಕೆಲವು ದಿನಗಳಲ್ಲಿ ಇನ್ನೊಂದು ಫಲಕ ಬಂತು: ಈ ಗೋಡೆಗೆ ಬಣ್ಣ ಬಳಿಯುವುದೂ ಅಪರಾಧ. ಫಲಕದ ಅಕ್ಷರಗಳು ಹಳದಿಯಲ್ಲಿದ್ದವು. ದೂರದಿಂದ ಚೆನ್ನಾಗಿ ಕಾಣುತ್ತಿದ್ದವು. ಅಂದರೆ ನಿಮ್ಮಲ್ಲಿ ಹಳದಿ ಬಣ್ಣವಿತ್ತು, ಅದನ್ನು ಹಚ್ಚಬಲ್ಲ ಕೈಗಳಿದ್ದವು, ದೂರದಿಂದ ಕಾಣಬೇಕಾದದ್ದು ಕಾಣಬೇಕು ಎಂಬ ತಿಳಿವಳಿಕೆಯೂ ಇತ್ತು. ಬಂಡೆಯ ಮೇಲಿನ ನೀಲಿ ನಿಮಗೆ ಕಂಡಿತು. ಅದರ ಮುಂದೆ ದಿನವೂ ಓಡಾಡುವ ನಿಮ್ಮದೇ ಇಂಜಿನ್ನಿನ ಬೋಳು ಮೂಗು ಕಾಣಲಿಲ್ಲ. ಗುಡ್ಡ ಜರಿಯದಿರಲೆಂದು ನೀವು ಈಚೆಗೆ ಆ ಗೋಡೆಗೆ ಸಿಮೆಂಟು ಹೊದಿಸಿದಿರಿ. ಅದು ಒಳ್ಳೆಯ ಕೆಲಸ, ಅದನ್ನು ಒಪ್ಪುತ್ತೇನೆ. ಈಗ ಗೋಡೆ ಬೂದಿಬಣ್ಣ. ಹಳಿಯ ಮೇಲೆ ತಂತಿ ಬಂದಿದೆ, ವಿದ್ಯುತ್ ಇಂಜಿನ್‌ಗಳು ಬರತೊಡಗಿವೆ. ಹೊಸತಾಗಿದ್ದಾಗ ಹಸಿರು, ಹಳದಿ ಎಲ್ಲ ಇದ್ದವಂತೆ. ಗೂಡ್ಸಿಗೆ ಕಟ್ಟಿದ ಹಳೆಯವು ಬ್ರೇಕಿನ ಧೂಳೂ ಅದಿರಿನ ಧೂಳೂ ಮೆತ್ತಿಕೊಂಡು ಸಿಮೆಂಟಿನ ಬಣ್ಣಕ್ಕೇ ತಿರುಗಿವೆ. ಮೇಲಾಗಿ ಇಳಿಜಾರಿನಲ್ಲಿ ಅವು ಹೆಚ್ಚು ಸದ್ದು ಮಾಡುವುದಿಲ್ಲ. ಕಳೆದ ರಜೆಯಲ್ಲಿ ಊರಿಗೆ ಹೋದಾಗ ನಾನೇ ಮೆಟ್ಟಿಲಿಳಿದು ಹಳಿಯ ಕಡೆ ಕಾಲಿಟ್ಟೆ. ಅಮ್ಮ ಹಿಂದಿನಿಂದ ನನ್ನ ಚೂಡಿದಾರದ ಶಾಲು ಹಿಡಿದೆಳೆದಳು. ಬೂದಿಯೊಳಗಿಂದ ಬೂದಿಯೊಂದು ಹೊರಟು ನಮ್ಮ ಮುಂದೆ ಹಾದುಹೋಯಿತು. ನನ್ನ ಎರಡೂ ಕಿವಿಗಳು ಸರಿಯಾಗಿವೆ. ಅಮ್ಮ ಅದರ ಮೂಗಿನ ಅಂಚಿನಲ್ಲಿ ಉಳಿದಿದ್ದ ಬೆರಳಗಲದ ಹಳದಿಯನ್ನು ಕಂಡಿದ್ದಳು.

“ಕೇಳ್ಲಿಲ್ವಾ ನಿಂಗೆ?” ಎಂದು ಕೇಳಿದಳು. ಆಮೇಲೆ ನನ್ನ ಮುಖ ನೋಡಿ ನಗತೊಡಗಿದಳು. “ಈಗ ನೀವೆಲ್ಲ ನನ್ನ ಜಾತಿಗೇ ಬಂದ್ರಿ. ಬನ್ನಿ, ಕೂತ್ಕೊಳ್ಳಿ!”

ಅವಳ ಮಾತು ನಿಜ. ಹಾಲು ಕೊಡಲು ಹೋಗುವವರು, ಶಾಲೆಯ ಮಕ್ಕಳು, ಕಡಬದ ಬಸ್ಸಿಗೆ ಓಡುವವರು ಎಲ್ಲರೂ ಈಗ ಅಮ್ಮನಂತೆ ಕಣ್ಣೊಂದನ್ನೇ ನಂಬಿ ಆ ಹಳಿ ದಾಟುತ್ತಾರೆ. ಬೆರಳಗಲದ ಆ ಹಳದಿ ಮುಂದಿನ ಮಳೆಗಾಲ ದಾಟುತ್ತದೆಂದು ನನಗೆ ನಂಬಿಕೆಯಿಲ್ಲ.

ಆದುದರಿಂದ ಈ ಬರಹದ ಮೂಲಕ ಸಂಬಂಧಪಟ್ಟವರನ್ನು ವಿಧಿವತ್ತಾಗಿ ಕೇಳುತ್ತಿದ್ದೇನೆ. ಗೂಡ್ಸ್ ಇಂಜಿನ್‌ಗಳ ಮುಖದ ಬಣ್ಣವನ್ನು ನೋಡಿಕೊಳ್ಳಬೇಕಾದ ಅಧಿಕಾರಿ ಯಾರು, ಅವರು ಅದನ್ನು ಕೊನೆಯ ಬಾರಿ ನೋಡಿದ್ದು ಯಾವಾಗ, ಮಾಸಿದ ಮುಖದೊಂದಿಗೆ ಇಂಜಿನ್ನನ್ನು ಶೆಡ್ಡಿನಿಂದ ಹೊರಬಿಡಲು ಅನುಮತಿ ಕೊಡುವವರು ಯಾರು ಎಂಬುದನ್ನು ತಿಳಿಸಬೇಕು. ಬರುವ ಮಳೆಗಾಲದ ಮೊದಲು ನಮ್ಮ ಹಳಿಯ ಮೇಲೆ ಓಡುವ ಪ್ರತಿಯೊಂದು ಇಂಜಿನ್ನಿನ ಮೂಗಿಗೆ ಹಳದಿ ಬಳಿಸಬೇಕು. ಅಲ್ಲಿಯವರೆಗೆ ಸಿಮೆಂಟಿನ ಗೋಡೆಗೆ ನೀಲಿ ಬಿಡಲು ನಮಗೆ ಪರವಾನಗಿ ಕೊಡಬೇಕು. ಖರ್ಚೂ ಕೂಲಿಯೂ ನಮ್ಮದೇ. ದಾಟಬೇಡಿರೆಂಬ ಉಪದೇಶವನ್ನು ಉತ್ತರವೆಂದು ಸ್ವೀಕರಿಸುವುದಿಲ್ಲ. ದೂರವಾಣಿಯಲ್ಲಿ ಸಮಾಧಾನ ಹೇಳುವುದೂ ಬೇಡ. ಉತ್ತರವನ್ನು ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದು, ಸಹಿ ಹಾಕಿ, ನನ್ನ ತಾಯಿಯ ಹೆಸರಿಗೆ ಕಳುಹಿಸಿ. ಅವಳು ಓದಬಲ್ಲಳು.